ಐವತ್ತರ ಲೆನ್ಸು, ದೊಡ್ಡ ಬೆಳಕಿಂಡಿ

ಅಕ್ಕನ ಮಗಳ ನಾಮಕರಣಕ್ಕೆ ಎರಡು ದಿನ ಇದೆ ಅನ್ನುವಾಗ ನನ್ನ ಕೈಗೆ 50 ಎಂಎಂ ಎಫ್ 1.8 ಲೆನ್ಸ್ ಬಂತು. ಕೇಳಬೇಕೇ? ಇಡೀ ಸಮಾರಂಭ ಅದೊಂದನ್ನೇ ಹಾಕಿಕೊಂಡು ಓಡಾಡಿದೆ. 1.8ಕ್ಕೆ ಇಟ್ಟ ಅಪರ್ಚರನ್ನು ಊಟದ ಎಲೆ ಎತ್ತುವ ತನಕ ಮುಟ್ಟಲಿಲ್ಲ. ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಎಲ್ಲಾ ಭಾರಿ ಚೆನ್ನಾಗಿಯೇ ಕಾಣುತ್ತಿತ್ತು. ರಾತ್ರಿ ಲ್ಯಾಪ್‌ಟಾಪಿಗೆ ಹಾಕಿ ನೋಡಿದರೆ ಎದೆ ಧಸಕ್ ಅಂತು. ತೊಟ್ಟಿಲಿಗೆ ಕಟ್ಟಿದ್ದ ಸೇವಂತಿಗೆ ಹಾರದ ಒಂದೊಂದು ಎಸಳನ್ನೂ ಎಣಿಸಬಹುದು. ಹಾರದ ಹಿಂದೆ ಮಗು ಮಾತ್ರ ತಿಳಿ ಗುಲಾಬಿ ಬಣ್ಣದ ಹತ್ತಿ ಉಂಡೆ. ಕಿವಿಯಲ್ಲಿ ಹೆಸರು ಹೇಳುವ ಗಳಿಗೆಯ ಫೋಟೊದಲ್ಲಿ ಭಾವನ ಅಂಗಿಯ ಕಾಲರ್ ಹೊಲಿಗೆ ಸಮೇತ ಸ್ಪಷ್ಟ, ಮುಖ ಮಸುಕು. ಅಕ್ಕ ನೋಡಿ ಒಂದೇ ಮಾತು ಹೇಳಿದಳು. "ಹಾರ ಚೆನ್ನಾಗಿ ಬಂದಿದೆ ಕಣೋ. ಮಗು ಎಲ್ಲಿ?"

ತಪ್ಪು ಲೆನ್ಸಿನದಲ್ಲ. 1.8 ಅಂದರೆ ಏನು ಅನ್ನುವುದೇ ನನಗೆ ಸರಿಯಾಗಿ ಗೊತ್ತಿರಲಿಲ್ಲ. "ಹಿಂದೆ ಎಲ್ಲಾ ಬ್ಲರ್ ಬರುತ್ತೆ" ಅಂತ ಯಾರೋ ಹೇಳಿದ್ದರು, ಅಷ್ಟೇ. ಮುಂದೆಯೂ ಬ್ಲರ್ ಬರುತ್ತೆ ಅಂತ ಯಾರೂ ಹೇಳಿರಲಿಲ್ಲ. ಇಂಥ ಲೆನ್ಸನ್ನು ಈಗಷ್ಟೇ ಕೊಂಡವರಿಗೆ, ಕೊಳ್ಳಬೇಕು ಅಂದುಕೊಂಡವರಿಗೆ ಅದನ್ನೇ ಬಿಡಿಸಿ ಹೇಳೋಣ ಅಂತ ಇದನ್ನು ಬರೆಯುತ್ತಿದ್ದೇನೆ.

ಹಳೇ ಹಂಚಿನ ಮನೆಗಳಲ್ಲಿ ಮಾಡಿನ ನಡುವೆ ಒಂದು ಗಾಜಿನ ಹಂಚು ಇರುತ್ತಲ್ಲ, ಬೆಳಕಿಂಡಿ. ಅಪರ್ಚರ್ ಅಂದರೆ ಲೆನ್ಸಿನ ಬೆಳಕಿಂಡಿ. ವ್ಯತ್ಯಾಸ ಒಂದೇ, ಇದನ್ನು ಬೇಕಾದಾಗ ಹಿಗ್ಗಿಸಬಹುದು, ಕುಗ್ಗಿಸಬಹುದು. ಎಫ್ 1.8 ಅನ್ನುವುದು ಆ ಕಿಂಡಿಯ ಅಳತೆ, ಆದರೆ ಸ್ವಲ್ಪ ಸುತ್ತಿ ಬಳಸಿ ಹೇಳಿದ ಅಳತೆ. ಎಫ್ ಅಂದರೆ ಫೋಕಲ್ ಲೆಂಗ್ತ್, ಲೆನ್ಸು ಎಷ್ಟು ಹತ್ತಿರಕ್ಕೆ ಎಳೆದು ತೋರಿಸುತ್ತದೆ ಅನ್ನುವ ಅಳತೆ. ಲೆನ್ಸಿನ ಹೆಸರಿನಲ್ಲಿರುವ 50 ಎಂಎಂ ಅದೇ. ಅದನ್ನು ಈ ಸಂಖ್ಯೆಯಿಂದ ಭಾಗಿಸಿದರೆ ಕಿಂಡಿ ಎಷ್ಟು ಅಗಲ ಅಂತ ಸಿಗುತ್ತದೆ. 50ನ್ನು 1.8ರಿಂದ ಭಾಗಿಸಿ. ಸುಮಾರು 28 ಮಿಲಿಮೀಟರ್. ಜೇಬಿನಲ್ಲಿರುವ ಹತ್ತು ರೂಪಾಯಿ ನಾಣ್ಯ 27 ಮಿಲಿಮೀಟರ್, ಹೆಚ್ಚು ಕಡಿಮೆ ಅಷ್ಟೇ ದೊಡ್ಡ ಕಿಂಡಿ.

ಈಗ ಕ್ಯಾಮೆರಾ ಜೊತೆ ಬಂದ 18-55 ಕಿಟ್ ಲೆನ್ಸ್ ತಗೊಳ್ಳಿ. ಅದನ್ನು 50ರ ಹತ್ತಿರಕ್ಕೆ ಝೂಮ್ ಮಾಡಿದರೆ ಅಪರ್ಚರ್ ಎಫ್ 5.6ಕ್ಕೆ ಬಂದು ನಿಲ್ಲುತ್ತದೆ. 50ನ್ನು 5.6ರಿಂದ ಭಾಗಿಸಿದರೆ 9 ಮಿಲಿಮೀಟರ್ ಕೂಡ ಪೂರ್ತಿ ಇಲ್ಲ. ಒಂದು ಕಾಬೂಲ್ ಕಡಲೆಕಾಳಿನಷ್ಟು. ನಾಣ್ಯದ ಪಕ್ಕ ಕಡಲೆಕಾಳು ಇಟ್ಟು ನೋಡಿ. ಅಗಲ ಮೂರು ಪಟ್ಟು, ಆದರೆ ಬೆಳಕು ಬರುವುದು ಕಿಂಡಿಯ ವಿಸ್ತೀರ್ಣದ ಲೆಕ್ಕದಲ್ಲಿ, ಹಾಗಾಗಿ ಬೆಳಕು ಹತ್ತಿರ ಹತ್ತಿರ ಹತ್ತು ಪಟ್ಟು. ಸಂಖ್ಯೆ ಚಿಕ್ಕದಾದರೆ ಕಿಂಡಿ ದೊಡ್ಡದು ಹೇಗೆ ಅಂತ ಶುರುವಿನಲ್ಲಿ ಎಲ್ಲರಿಗೂ ತಲೆ ಕೆಡುತ್ತದೆ. ಎರಡನೇ ಒಂದು ಭಾಗ ಹೋಳಿಗೆ ದೊಡ್ಡದೋ, ನಾಲ್ಕನೇ ಒಂದು ಭಾಗ ದೊಡ್ಡದೋ? ಇದೂ ಅಷ್ಟೇ. ಕೆಳಗಿನ ಸಂಖ್ಯೆ ಬೆಳೆದಷ್ಟೂ ಹೋಳಿಗೆ ಚಿಕ್ಕದು.

ಈ ಹತ್ತು ಪಟ್ಟು ಮನೆಯಲ್ಲಿ ಹೇಗೆ ಕಾಣುತ್ತೆ ಅಂದರೆ: ಸಂಜೆ ಏಳು ಗಂಟೆ, ಹಜಾರದಲ್ಲಿ ಒಂದು ಟ್ಯೂಬ್‌ಲೈಟ್, ಅಜ್ಜಿ ಹೂ ಕಟ್ಟುತ್ತಾ ಕೂತಿದ್ದಾರೆ. ಕಿಟ್ ಲೆನ್ಸಿನಲ್ಲಿ 1/60 ಶಟರ್ ಸ್ಪೀಡ್ ಬೇಕು, ಅಂದರೆ ಸೆಕೆಂಡಿನ ಅರವತ್ತನೇ ಒಂದು ಭಾಗ ಮಾತ್ರ ಬೆಳಕು ಒಳಗೆ ಬಿಡಬೇಕು ಅಂದರೆ, ಐಎಸ್‌ಒ (ಸಿಕ್ಕ ಬೆಳಕನ್ನು ಕ್ಯಾಮೆರಾ ಎಷ್ಟು ಹಿಗ್ಗಿಸಬೇಕು ಅನ್ನುವ ಸಂಖ್ಯೆ) 6400ರ ಆಸುಪಾಸಿಗೆ ಹೋಗಬೇಕು. ಫೋಟೊ ತುಂಬಾ ರವೆ ಚೆಲ್ಲಿದ ಹಾಗೆ ನಾಯ್ಸ್. ಅದೇ ಜಾಗ, ಅದೇ ಬೆಳಕು, 1.8ರಲ್ಲಿ ಐಎಸ್‌ಒ 640 ಸಾಕು. ಕೆನ್ನೆಯ ಸುಕ್ಕು ಸುಕ್ಕಾಗಿಯೇ ಬರುತ್ತದೆ, ಸೀರೆ ಅಂಚಿನ ಬಣ್ಣ ಕಲಸಿಹೋಗುವುದಿಲ್ಲ. ನನ್ನ ಕೇಳಿದರೆ ಈ ಲೆನ್ಸಿಗೆ ದುಡ್ಡು ಕೊಡಬೇಕಾದದ್ದು ಇದಕ್ಕೆ. ಬ್ಲರ್ ಜೊತೆಗೆ ಬರುವ ಕೊಸರು. ಆದರೆ ಎಲ್ಲರೂ ಕೊಸರಿಗೇ ಮರುಳಾಗುತ್ತಾರೆ, ನಾನೂ ಆದೆ.

ಇಷ್ಟು ದೊಡ್ಡ ಕಿಂಡಿಯ ಲೆನ್ಸು ಅಷ್ಟು ಅಗ್ಗಕ್ಕೆ ಹೇಗೆ ಸಿಗುತ್ತದೆ ಅನ್ನುವುದೂ ಸ್ವಾರಸ್ಯವಾಗಿದೆ. ಅಗ್ಗ ಅಂದರೆ ಕಳಪೆ ಅಂತ ಅನುಮಾನ ಬರುವುದು ಸಹಜ. ಇಲ್ಲಿ ಹಾಗಲ್ಲ. ಇದರ ಒಳಗಿನ ಗಾಜುಗಳ ಜೋಡಣೆಗೆ ನೂರು ವರ್ಷಕ್ಕೂ ಜಾಸ್ತಿ ವಯಸ್ಸು. 1896ರಲ್ಲಿ ಜರ್ಮನಿಯ ಝೈಸ್ ಕಂಪನಿಯಲ್ಲಿ ಪಾಲ್ ರುಡಾಲ್ಫ್ ಅನ್ನುವವರು ಪ್ಲಾನಾರ್ ಅನ್ನುವ ಲೆನ್ಸ್ ಮಾಡಿದರು. ನಡುವೆ ಅಪರ್ಚರ್, ಆ ಕಡೆ ಮೂರು ಗಾಜು, ಈ ಕಡೆ ಮೂರು ಗಾಜು, ಕನ್ನಡಿಯಲ್ಲಿ ನೋಡಿದ ಹಾಗೆ ಎದುರುಬದುರು. ಒಂದು ಕಡೆಯ ಗಾಜು ಮಾಡಿದ ಎಡವಟ್ಟನ್ನು ಇನ್ನೊಂದು ಕಡೆಯ ಗಾಜು ಬಹುಮಟ್ಟಿಗೆ ಸರಿಮಾಡುತ್ತದೆ. ಐಡಿಯಾ ಚೆನ್ನಾಗಿತ್ತು, ಆದರೆ ಗಾಳಿಗೆ ತಾಗುವ ಒಂದೊಂದು ಗಾಜಿನ ಮುಖವೂ ಶೇಕಡಾ 4ರಷ್ಟು ಬೆಳಕನ್ನು ವಾಪಸ್ ಎಸೆಯುತ್ತದೆ. ಅಂಥ ಎಂಟು ಮುಖ ಇದ್ದರೆ ಕಾಲುಭಾಗಕ್ಕಿಂತ ಜಾಸ್ತಿ ಬೆಳಕು ದಾರಿ ತಪ್ಪಿ, ಅದರಲ್ಲಿ ಒಂದಷ್ಟು ಫೋಟೊವನ್ನೇ ಮಂಜು ಮಾಡುತ್ತಿತ್ತು. 1935ರಲ್ಲಿ ಅದೇ ಝೈಸ್‌ನ ಅಲೆಕ್ಸಾಂಡರ್ ಸ್ಮಕುಲಾ ಗಾಜಿಗೆ ತೆಳ್ಳಗೆ ಕೋಟಿಂಗ್ ಕೊಡುವ ದಾರಿ ಕಂಡುಹಿಡಿದ ಮೇಲೆ ಈ ಜೋಡಣೆಗೆ ಶುಕ್ರದೆಸೆ ಬಂತು. ಈಗಿನ ಕ್ಯಾನನ್ 50 ಎಂಎಂ ಎಸ್‌ಟಿಎಂ ಅನ್ನುವ ಲೆನ್ಸಿನ ಒಳಗೂ ಆರೇ ಗಾಜು. ಇದೇ ವಂಶ.

ಇನ್ನೊಂದು ಕಾರಣ 50 ಅನ್ನುವ ಸಂಖ್ಯೆಯಲ್ಲೇ ಇದೆ. ಡಿಎಸ್‌ಎಲ್‌ಆರ್ ಒಳಗೆ ಮೇಲೆ ಕೆಳಗೆ ಬಡಿಯುವ ಒಂದು ಕನ್ನಡಿ ಇದೆ. ಅದಕ್ಕೆ ಜಾಗ ಬೇಕು ಅಂತ ಲೆನ್ಸಿನ ಬುಡವನ್ನು ಬಿಂಬ ಹಿಡಿಯುವ ಸೆನ್ಸರಿನಿಂದ ದೂರ ಇಡುತ್ತಾರೆ. ಕ್ಯಾನನ್‌ನಲ್ಲಿ 44 ಮಿಲಿಮೀಟರ್, ನಿಕಾನ್‌ನಲ್ಲಿ 46.5. 50 ಎಂಎಂ ಲೆನ್ಸು ಈ ದೂರಕ್ಕೆ ಹೇಳಿ ಮಾಡಿಸಿದ ಹಾಗಿದೆ. ಅದೇ 24 ಎಂಎಂ ಲೆನ್ಸ್ ಆದರೆ ಅಷ್ಟು ದೂರದಿಂದ ಬಿಂಬ ಬೀಳಿಸಲು ಇನ್ನಷ್ಟು ಗಾಜು ಸೇರಿಸಿ ಸರ್ಕಸ್ ಮಾಡಬೇಕು. ಗಾಜು ಜಾಸ್ತಿ ಆದಷ್ಟೂ ದುಡ್ಡು, ತೂಕ ಎರಡೂ ಏರುತ್ತವೆ. ಸಾಲದ್ದಕ್ಕೆ ಫಿಲ್ಮ್ ಕಾಲದಲ್ಲಿ ಎಸ್‌ಎಲ್‌ಆರ್ ಕೊಂಡರೆ ಸಾಮಾನ್ಯವಾಗಿ ಜೊತೆಗೆ ಬರುತ್ತಿದ್ದದ್ದೇ 50ರ ಲೆನ್ಸು. ರಾಶಿ ರಾಶಿ ಮಾಡಿ ಮಾಡಿ ಕೈ ಪಳಗಿದ ಸಾಮಾನು.

ಇದರಲ್ಲಿ ಝೂಮ್ ಇಲ್ಲ. ಇಂಥದ್ದಕ್ಕೆ ಪ್ರೈಮ್ ಲೆನ್ಸ್ ಅನ್ನುತ್ತಾರೆ. ಮುಂದೆ ಹೋಗಬೇಕು ಅಂದರೆ ಕಾಲಲ್ಲಿ ಹೋಗಬೇಕು. ಇದನ್ನು "ಕಾಲೇ ಝೂಮ್" ಅಂತ ತಮಾಷೆ ಮಾಡುವುದುಂಟು, ಆದರೆ ನಮ್ಮ ಮನೆಗಳಲ್ಲಿ ಕಾಲಿಗೂ ಗೋಡೆ ಅಡ್ಡ ಬರುತ್ತದೆ. ನಮ್ಮಲ್ಲಿ ಬಹಳ ಜನರ ಹತ್ತಿರ ಇರುವುದು ಚಿಕ್ಕ ಸೆನ್ಸರಿನ ಕ್ಯಾಮೆರಾ, ಎಪಿಎಸ್-ಸಿ ಅನ್ನುತ್ತಾರಲ್ಲ ಅದು. ಅದರಲ್ಲಿ 50ರ ಲೆನ್ಸು ತೋರಿಸುವುದು ದೊಡ್ಡ ಸೆನ್ಸರಿನ ಮೇಲೆ ಕ್ಯಾನನ್ ಲೆಕ್ಕದಲ್ಲಿ 80, ನಿಕಾನ್ ಮತ್ತು ಸೋನಿ ಲೆಕ್ಕದಲ್ಲಿ 75 ಎಂಎಂ ಲೆನ್ಸು ತೋರಿಸುವಷ್ಟನ್ನು ಮಾತ್ರ. ಅಂದರೆ ಹತ್ತಿರದ್ದೇ ಕಾಣುತ್ತದೆ. ನೆಟ್ಟಗೆ ನಿಂತ ಒಬ್ಬ ಮನುಷ್ಯ ತಲೆಯಿಂದ ಪಾದದವರೆಗೆ ಚೌಕಟ್ಟಿನಲ್ಲಿ ಕೂರಬೇಕಾದರೆ ನೀವು ಸುಮಾರು 4 ಮೀಟರ್ ಹಿಂದೆ ಹೋಗಬೇಕು. ಹತ್ತು ಅಡಿ ಕೋಣೆ ಅಂದರೆ 3 ಮೀಟರ್. ಲೆಕ್ಕ ನೀವೇ ಹಾಕಿ. ನಾಮಕರಣದ ದಿನ ನಾನು ಅರ್ಧ ಫೋಟೊಗಳನ್ನು ಅಡುಗೆಮನೆ ಬಾಗಿಲಲ್ಲಿ ನಿಂತು ತೆಗೆದೆ, ಹಿಂದಿನಿಂದ ಚಿಕ್ಕಮ್ಮ "ಸರಿಯೋ, ಸಾರು ತರಬೇಕು" ಅನ್ನುತ್ತಲೇ ಇದ್ದರು.

ಈಗ ಹಾರದ ವಿಷಯಕ್ಕೆ ಬರೋಣ. ಅಸಲು ಪಾಠ ಅದೇ.

ಲೆನ್ಸು ಒಂದು ನಿರ್ದಿಷ್ಟ ದೂರಕ್ಕೆ ಮಾತ್ರ ಪಕ್ಕಾ ಫೋಕಸ್ ಮಾಡುತ್ತದೆ. ಅದರ ಸ್ವಲ್ಪ ಹಿಂದೆ, ಸ್ವಲ್ಪ ಮುಂದೆ ಇರುವುದೂ ನಮ್ಮ ಕಣ್ಣಿಗೆ ಸ್ಪಷ್ಟ ಅನ್ನಿಸುತ್ತದೆ. ಆ "ಸ್ವಲ್ಪ" ಎಷ್ಟು ಅನ್ನುವುದೇ ಡೆಪ್ತ್ ಆಫ್ ಫೀಲ್ಡ್. ಗಾಳಿಯಲ್ಲಿ ಒಂದು ಕಾಣದ ಗಾಜಿನ ಹಲಗೆ ನಿಲ್ಲಿಸಿದ ಹಾಗೆ ಅಂದುಕೊಳ್ಳಿ, ಹಲಗೆಯ ದಪ್ಪದೊಳಗೆ ಸಿಕ್ಕಿದ್ದೆಲ್ಲ ಸ್ಪಷ್ಟ, ಹೊರಗಿದ್ದದ್ದು ಮಸುಕು. ಕಿಂಡಿ ದೊಡ್ಡದಾದಷ್ಟೂ ಹಲಗೆ ತೆಳ್ಳಗಾಗುತ್ತದೆ. ನೀವು ಹತ್ತಿರ ಹೋದಷ್ಟೂ ಇನ್ನೂ ಬೇಗ ತೆಳ್ಳಗಾಗುತ್ತದೆ. ದೂರ ಅರ್ಧ ಆದರೆ ದಪ್ಪ ಅರ್ಧ ಅಲ್ಲ, ಕಾಲು ಆಗುತ್ತದೆ. ಇದನ್ನು ಮರೆತರೆ ಕೆಲಸ ಕೆಟ್ಟಿತು.

ಎಪಿಎಸ್-ಸಿ ಕ್ಯಾಮೆರಾದಲ್ಲಿ 50 ಎಂಎಂ, ಎಫ್ 1.8 ಅಂತ ಇಟ್ಟುಕೊಂಡು ಲೆಕ್ಕ ಹಾಕಿದರೆ 3 ಮೀಟರ್ ದೂರಕ್ಕೆ ಹಲಗೆ ಸುಮಾರು 25 ಸೆಂಟಿಮೀಟರ್ ದಪ್ಪ. ತೊಂದರೆ ಇಲ್ಲ, ಒಂದು ಮುಖ ಆರಾಮಾಗಿ ಹಿಡಿಸುತ್ತದೆ. 2 ಮೀಟರಿಗೆ 11. ಒಂದೂವರೆ ಮೀಟರಿಗೆ 6. ಒಂದು ಮೀಟರಿಗೆ 3 ಸೆಂಟಿಮೀಟರೂ ಇಲ್ಲ, ಮೂಗಿನ ತುದಿಗೆ ಫೋಕಸ್ ಆದರೆ ಕಣ್ಣು ಹೋಯಿತು. ಲೆನ್ಸು ಬಿಡುವಷ್ಟು ಹತ್ತಿರ, ಅಂದರೆ ಎಸ್‌ಟಿಎಂ ಲೆನ್ಸಿನ 35 ಸೆಂಟಿಮೀಟರಿಗೆ ಹೋದರೆ ಹಲಗೆ ಬರೀ 3 ಮಿಲಿಮೀಟರ್. ಅಲ್ಲಿ ಸೇವಂತಿಗೆಯ ಮುಂದಿನ ಸಾಲಿನ ಎಸಳು ಸ್ಪಷ್ಟ ಇದ್ದರೆ ಹಿಂದಿನ ಸಾಲಿನದು ಇರುವುದಿಲ್ಲ. ನಾನು ತೊಟ್ಟಿಲಿನ ಹತ್ತಿರ ಒಂದೂವರೆ ಮೀಟರಿನಲ್ಲಿ ನಿಂತಿದ್ದೆ. ಹಾರಕ್ಕೂ ಮಗುವಿಗೂ ಒಂದು ಗೇಣು ಅಂತರ. 6 ಸೆಂಟಿಮೀಟರ್ ಹಲಗೆ ಹಾರವನ್ನು ಹಿಡಿದುಕೊಂಡು ಮಗುವನ್ನು ಬಿಟ್ಟುಬಿಟ್ಟಿತು.

ಹಾರವನ್ನೇ ಯಾಕೆ ಹಿಡಿಯಿತು? ಫೋಕಸ್ ಪಾಯಿಂಟ್ ಆರಿಸುವ ಕೆಲಸವನ್ನು ನಾನು ಕ್ಯಾಮೆರಾಕ್ಕೇ ಬಿಟ್ಟಿದ್ದೆ. ಹಾಗೆ ಬಿಟ್ಟರೆ ಅದು ಸಾಮಾನ್ಯವಾಗಿ ತನಗೆ ಹತ್ತಿರ ಇರುವ, ಗೆರೆ ಬಣ್ಣ ಎದ್ದು ಕಾಣುವ ವಸ್ತುವಿಗೆ ಗಂಟು ಬೀಳುತ್ತದೆ. ಹಳದಿ ಸೇವಂತಿಗೆಗಿಂತ ಎದ್ದು ಕಾಣುವುದು ಇನ್ನೇನಿದೆ? ಹಾಗಾಗಿ ಮೊದಲ ಕೆಲಸ, ಒಂದೇ ಫೋಕಸ್ ಪಾಯಿಂಟ್ ಆರಿಸಿಕೊಂಡು ಅದನ್ನು ನಿಮಗೆ ಹತ್ತಿರದ ಕಣ್ಣಿನ ಮೇಲೆ ಇಡಿ. ಒಳಗೆ ಆ ಕನ್ನಡಿ ಇಲ್ಲದ ಹೊಸ ಮಿರರ್‌ಲೆಸ್ ಕ್ಯಾಮೆರಾಗಳು ಕಣ್ಣನ್ನು ತಾವೇ ಹುಡುಕುತ್ತವೆ, ಅದು ಇದ್ದರೆ ಪುಣ್ಯವಂತರು, ಸುಮ್ನೆ ಆನ್ ಮಾಡಿಕೊಳ್ಳಿ. ಮತ್ತೊಂದು ಹಳೇ ಚಾಳಿ ಇದೆ, ನಡುವಿನ ಪಾಯಿಂಟಿನಲ್ಲಿ ಫೋಕಸ್ ಮಾಡಿ, ಬಟನ್ ಅರ್ಧ ಒತ್ತಿ ಹಿಡಿದು, ಕ್ಯಾಮೆರಾ ಪಕ್ಕಕ್ಕೆ ತಿರುಗಿಸಿ ಕ್ಲಿಕ್ ಮಾಡುವುದು. ಕಿಟ್ ಲೆನ್ಸಿನಲ್ಲಿ ಅದು ನಡೆಯುತ್ತದೆ. 1.8ರಲ್ಲಿ ಹತ್ತಿರದಿಂದ ಹಾಗೆ ಮಾಡಿದರೆ ತಿರುಗಿಸುವಾಗ ಹಲಗೆಯೂ ತಿರುಗಿ ಕಣ್ಣು ಹಲಗೆಯಿಂದ ಹೊರಗೆ ಬೀಳುತ್ತದೆ. ನೀವು ಉಸಿರಾಡುವಾಗ ಮೈ ಹಿಂದೆ ಮುಂದೆ ಆಡುವುದೇ ಒಂದೆರಡು ಸೆಂಟಿಮೀಟರ್ ಆಗುತ್ತದಲ್ಲ, ಅದಕ್ಕೇ ಒಂದು ಫೋಟೊ ಬದಲು ನಾಲ್ಕು ತೆಗೆಯಿರಿ, ಒಂದಾದರೂ ಗಟ್ಟಿ.

ಎರಡನೇ ಕೆಲಸ ಇನ್ನೂ ಸುಲಭ. ಕಿಂಡಿ ಸ್ವಲ್ಪ ಮುಚ್ಚಿ. 2.8ಕ್ಕೆ ಇಟ್ಟರೆ 2 ಮೀಟರಿನಲ್ಲಿ 11 ಇದ್ದದ್ದು 17 ಸೆಂಟಿಮೀಟರ್ ಆಗುತ್ತದೆ, 4ಕ್ಕೆ ಇಟ್ಟರೆ 24. ಹಿನ್ನೆಲೆ ಆಗಲೂ ಮಸುಕಾಗಿಯೇ ಇರುತ್ತದೆ, ಕಿಟ್ ಲೆನ್ಸಿಗಿಂತ ಬೆಳಕೂ ಜಾಸ್ತಿಯೇ. ಇನ್ನೊಂದು ಲಾಭ, ಈ ಅಗ್ಗದ ಲೆನ್ಸುಗಳು 1.8ರಲ್ಲಿ ಒಂಚೂರು ಮೆತ್ತಗೆ ಇರುತ್ತವೆ. ಬಿಳಿ ಪಂಚೆಯ ಅಂಚಿನಲ್ಲಿ, ಎಲೆಗಳ ಸಂದಿಯ ಆಕಾಶದಲ್ಲಿ ನೇರಳೆ ಗೆರೆ ಕಾಣಿಸುತ್ತದೆ. 2.8, 4ಕ್ಕೆ ಬರುವ ಹೊತ್ತಿಗೆ ಅದೆಲ್ಲ ಬಹಳ ಮಟ್ಟಿಗೆ ಮಾಯ, ಆಗ ಫೋಟೊ ನೋಡಿ ಇದು ಅಗ್ಗದ ಲೆನ್ಸ್ ಅಂತ ಹೇಳುವುದು ಕಷ್ಟ. ಅಮ್ಮ ಮಗು ಇಬ್ಬರ ಮುಖವೂ ಬೇಕು ಅಂದರೆ 4, ಒಬ್ಬರೇ ಇದ್ದರೆ 2.2ರಿಂದ 2.8, ಬೆಳಕು ತೀರಾ ಕಮ್ಮಿ ಇದ್ದರೆ 1.8. ನನ್ನ ರೂಢಿ ಈಗ ಇದು. 1.8 ಇದೆ ಅಂತ 1.8ರಲ್ಲೇ ತೆಗೆಯುವುದು ಸ್ಕೂಟರಿಗೆ ಎಂಬತ್ತರ ಸ್ಪೀಡ್ ಇದೆ ಅಂತ ಓಣಿಯಲ್ಲೂ ಎಂಬತ್ತರಲ್ಲಿ ಓಡಿಸಿದ ಹಾಗೆ.

ಬ್ಲರ್ ಬೇಕೇ ಬೇಕು ಅನ್ನುವವರು ಅಪರ್ಚರ್ ಬಿಟ್ಟು ಜಾಗ ನೋಡಬೇಕು. ಅಜ್ಜಿ ಗೋಡೆಗೆ ಒರಗಿ ಕೂತಿದ್ದರೆ 1.8 ಇಟ್ಟರೂ ಗೋಡೆಯ ಕ್ಯಾಲೆಂಡರ್ ಕ್ಯಾಲೆಂಡರೇ. ಅದೇ ಅಜ್ಜಿಯನ್ನು ಜಗಲಿಯ ಅಂಚಿಗೆ ಕೂರಿಸಿ, ಹಿಂದೆ ಅಂಗಳ, ಅದರಾಚೆ ಬಾಳೆ ಗಿಡ ಬರುವ ಹಾಗೆ ನೀವು ತಿರುಗಿ ನಿಂತರೆ 4ರಲ್ಲೂ ಹಿಂದಿನದೆಲ್ಲ ಹಸಿರು ಬಣ್ಣ ಕಲಸಿದ ನೀರಿನ ಹಾಗೆ ಆಗುತ್ತದೆ. ಆ ಮಸುಕಿನ ಅಂದಕ್ಕೆ ಬೊಕೆ ಅನ್ನುತ್ತಾರೆ, ಜಪಾನಿ ಮಾತು. ಹೂಗುಚ್ಛದ ಬೊಕೆ ಅಲ್ಲ, ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. 1990ರಲ್ಲಿ ಬಂದ ಕ್ಯಾನನ್‌ನ ಹಳೇ 50 ಎಂಎಂನಲ್ಲಿ ಕಿಂಡಿ ಮುಚ್ಚುವ ಎಲೆಗಳು ಐದೇ. ಹಾಗಾಗಿ 2.8ಕ್ಕೆ ಇಟ್ಟರೆ ಹಿಂದಿನ ದೀಪಗಳೆಲ್ಲ ಪಂಚಕೋನ. 2015ರ ಎಸ್‌ಟಿಎಂನಲ್ಲಿ ಬಾಗಿದ ಏಳು ಎಲೆ, ದೀಪ ಹೆಚ್ಚು ದುಂಡಗೆ ಬರುತ್ತದೆ. ದೀಪಾವಳಿಯ ಹಣತೆ ಸಾಲನ್ನು ಹಿಂದಿಟ್ಟು ಫೋಟೊ ತೆಗೆದಾಗ ಈ ವ್ಯತ್ಯಾಸ ತಟ್ಟನೆ ಕಾಣುತ್ತದೆ.

ಹತ್ತಿರದಲ್ಲಿ ಇಷ್ಟು ಕಾಟ ಕೊಡುವ ಲೆನ್ಸು ಸ್ವಲ್ಪ ದೂರ ಹೋದರೆ ಬೇರೆಯೇ ಪ್ರಾಣಿ. ರಾತ್ರಿ ಬಯಲಾಟಕ್ಕೆ ಹೋಗಿ ನೋಡಿ. ರಂಗಸ್ಥಳದಿಂದ 5 ಮೀಟರ್ ದೂರದಲ್ಲಿ ಕೂತು ಕ್ಯಾಮೆರಾವನ್ನು ಉದ್ದಕ್ಕೆ ಹಿಡಿದರೆ ಎಪಿಎಸ್-ಸಿಯಲ್ಲಿ ಸುಮಾರು 2.2 ಮೀಟರ್ ಎತ್ತರ ಸಿಗುತ್ತದೆ. ಕಿರೀಟ ಕಟ್ಟಿದ ವೇಷ, ಗೆಜ್ಜೆಯಿಂದ ಕಿರೀಟದ ತುದಿವರೆಗೆ. ಅಷ್ಟು ದೂರದಲ್ಲಿ 1.8ರಲ್ಲೂ ಹಲಗೆ 65-70 ಸೆಂಟಿಮೀಟರ್ ದಪ್ಪ ಇರುತ್ತದೆ, 2.8ಕ್ಕೆ ಇಟ್ಟರೆ ಒಂದು ಮೀಟರ್. ಇಲ್ಲಿ ಕಷ್ಟ ಫೋಕಸ್ಸಿನದಲ್ಲ, ಕುಣಿತದ್ದು. ಚೆಂಡೆ ಏರಿ ಧೀಂಗಿಣ ಶುರುವಾದಾಗ 1/60ರಲ್ಲಿ ತೆಗೆದರೆ ವೇಷದ ಬದಲು ಬಣ್ಣದ ಸುಂಟರಗಾಳಿ ಬರುತ್ತದೆ. ಅದೂ ಒಂದು ಚಂದ, ಬೇಕು ಅಂತಲೇ ತೆಗೆದರೆ. ಮುಖ ನಿಲ್ಲಬೇಕು ಅಂದರೆ 1/250 ಅಥವಾ ಇನ್ನೂ ಮೇಲೆ ಹೋಗಿ, ಐಎಸ್‌ಒ ಏರಲಿ ಬಿಡಿ. ಕಡಲೆಕಾಳಿನ ಕಿಂಡಿಯಲ್ಲಿ ಈ ಮಾತೇ ಎತ್ತುವ ಹಾಗಿಲ್ಲ.

ಶಟರ್ ಬಗ್ಗೆ ಇನ್ನೊಂದು. ಮದುವೆ ಛತ್ರಗಳಲ್ಲಿ ಒಂದು ಫೋಟೊ ಬೆಳ್ಳಗೆ, ಮುಂದಿನದು ಮಂಕು, ಇಲ್ಲಾ ಅಡ್ಡಡ್ಡ ಪಟ್ಟೆ ಬಂದರೆ ಕ್ಯಾಮೆರಾ ಕೆಟ್ಟಿಲ್ಲ. ನಮ್ಮ ಕರೆಂಟು ಸೆಕೆಂಡಿಗೆ 50 ಸುತ್ತು, ಬಹಳಷ್ಟು ಅಗ್ಗದ ಎಲ್‌ಇಡಿಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಶಟರನ್ನು 1/100ಕ್ಕೆ ಇಳಿಸಿದರೆ ಒಂದು ಪೂರ್ತಿ ಮಿನುಗು ಒಳಗೆ ಬರುತ್ತದೆ, ಕಾಟ ತಪ್ಪುತ್ತದೆ. ಈ ಅಗ್ಗದ ಲೆನ್ಸುಗಳಲ್ಲಿ ಕೈ ನಡುಕ ತಡೆಯುವ ಏರ್ಪಾಡೂ ಇಲ್ಲ, ಹಾಗಾಗಿ 1/100ಕ್ಕಿಂತ ಕೆಳಗೆ ಹೋಗದೇ ಇರುವುದು ಹೇಗೂ ಒಳ್ಳೆಯದು.

ಮಟಮಟ ಮಧ್ಯಾಹ್ನ ಇದರ ಉಲ್ಟಾ ತೊಂದರೆ. ಬಿಸಿಲಲ್ಲಿ 1.8 ಇಟ್ಟರೆ ಐಎಸ್‌ಒ 100ರಲ್ಲೂ 1/8000ರ ಆಸುಪಾಸು ಶಟರ್ ಬೇಕಾಗುತ್ತದೆ. ಶುರುವಿನ ಮಟ್ಟದ ಕ್ಯಾಮೆರಾಗಳು 1/4000ಕ್ಕೆ ಕೈ ಚೆಲ್ಲುತ್ತವೆ. ಫೋಟೊ ಸುಣ್ಣ ಬಳಿದ ಹಾಗೆ. 2.8ಕ್ಕೆ ಇಳಿಯಿರಿ, ಇಲ್ಲಾ ಫೋಟೊ ತೆಗೆಸಿಕೊಳ್ಳುವವರನ್ನು ನೆರಳಿಗೆ ಕರೆಯಿರಿ. ಎರಡನೆಯದೇ ವಾಸಿ, ಬಿಸಿಲಲ್ಲಿ ಕಣ್ಣು ಕಿರಿದು ಮಾಡಿಕೊಂಡ ಮುಖಕ್ಕೆ ಯಾವ ಲೆನ್ಸೂ ಏನೂ ಮಾಡಲಾಗದು.

ಕೊಳ್ಳುವ ಮುಂಚೆ ಒಂದೆರಡು ಮಾತು. ನಿಕಾನ್ ಡಿ3500, ಡಿ5600 ಥರದ ಕ್ಯಾಮೆರಾ ಇದ್ದರೆ "50 ಎಂಎಂ 1.8 ಡಿ" ಅಗ್ಗಕ್ಕೆ ಸಿಕ್ಕಿತು ಅಂತ ಹಾರಬೇಡಿ. ಆ ಲೆನ್ಸಿನೊಳಗೆ ಫೋಕಸ್ ಮೋಟರ್ ಇಲ್ಲ, ಆ ಕ್ಯಾಮೆರಾಗಳಲ್ಲೂ ಇಲ್ಲ. ಕೈಯಲ್ಲೇ ತಿರುಗಿಸುತ್ತಾ ಕೂರಬೇಕು. "ಜಿ" ಅಂತ ಇರುವ ಎಎಫ್-ಎಸ್ ಲೆನ್ಸ್ ತಗೊಳ್ಳಿ. ಕ್ಯಾನನ್‌ನ ಹಳೇ ಇಎಫ್ ಲೆನ್ಸು ಅಡಾಪ್ಟರ್ ಹಾಕಿದರೆ ಹೊಸ ಆರ್ ಸರಣಿಯ ಕ್ಯಾಮೆರಾಕ್ಕೂ ಆಗುತ್ತದೆ, ಹೊಸ ಆರ್‌ಎಫ್ ಲೆನ್ಸು ಮಾತ್ರ ಹಳೇ ಕ್ಯಾಮೆರಾಕ್ಕೆ ಆಗುವುದಿಲ್ಲ. ಮನೆ ಒಳಗಿನ ಫೋಟೊಗಳೇ ನಿಮಗೆ ಮುಖ್ಯ, ಕ್ಯಾಮೆರಾ ಎಪಿಎಸ್-ಸಿ ಅಂದರೆ 50 ಬಿಟ್ಟು 35ರ ಕಡೆ ನೋಡಿ. ನಿಕಾನ್‌ನವರು 2009ರಿಂದಲೇ ಚಿಕ್ಕ ಸೆನ್ಸರಿಗೆ ಅಂತ 35 ಎಂಎಂ 1.8 ಮಾಡಿದ್ದಾರೆ. ಅಡುಗೆಮನೆ ಬಾಗಿಲಿಗೆ ಹೋಗುವ ಪ್ರಮೇಯ ಬರುವುದಿಲ್ಲ.

ಸೆಕೆಂಡ್ ಹ್ಯಾಂಡ್ ತಗೊಳ್ಳುವುದಾದರೆ, ಅದರಲ್ಲೂ ಲೆನ್ಸು ಮಲೆನಾಡು, ಕರಾವಳಿ ಕಡೆಯದಾಗಿದ್ದರೆ, ಒಂದು ಟಾರ್ಚ್ ತಗೊಂಡು ಹೋಗಿ. ಎರಡೂ ಮುಚ್ಚಳ ತೆಗೆದು ಹಿಂದಿನಿಂದ ಬೆಳಕು ಬಿಟ್ಟು ಓರೆಯಾಗಿ ನೋಡಿ. ಒಂದೆರಡು ಧೂಳಿನ ಚುಕ್ಕೆಗೆ ತಲೆ ಕೆಡಿಸಿಕೊಳ್ಳಬೇಡಿ, ಫೋಟೊದಲ್ಲಿ ಅದು ಕಾಣುವುದಿಲ್ಲ. ಜೇಡರ ಬಲೆಯ ಹಾಗೆ, ಬೇರು ಬಿಟ್ಟ ಹಾಗೆ ಬಿಳಿ ಎಳೆ ಕಂಡರೆ ಅದು ಬೂಷ್ಟು. ಮಳೆಗಾಲದಲ್ಲಿ ಬ್ಯಾಗಿನೊಳಗೆ ಮುಚ್ಚಿಟ್ಟ ಲೆನ್ಸಿಗೆ ಹಿಡಿಯುವ ರೋಗ. ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ ಅನ್ನಿ, ಬಿಡಿಸಿ ತೊಳೆಸುವ ಕೂಲಿಗೆ ಇನ್ನೊಂದು ಲೆನ್ಸಿನ ಅರ್ಧ ದುಡ್ಡು ಬರುತ್ತದೆ. ನಿಮ್ಮದಕ್ಕೆ ಹಿಡಿಯಬಾರದು ಅಂದರೆ ಗಾಳಿ ಆಡದ ಪ್ಲಾಸ್ಟಿಕ್ ಡಬ್ಬಿಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಅದರೊಳಗೆ ಇಡಿ. ಅಕ್ಕಿ ಡಬ್ಬಿಯಲ್ಲಿ ಹುಗಿಯುವುದು ಬೇಡ, ಅಕ್ಕಿ ಹುಡಿ ಫೋಕಸ್ ರಿಂಗಿನ ಸಂದಿಗೆ ಹೋಗುತ್ತದೆ. ನನ್ನದು ಈಗಲೂ ತಿರುಗಿಸಿದರೆ ಕರಕರ ಅನ್ನುತ್ತದೆ.